ಕೌಲ್ ಬಜಾರಿನಲ್ಲಿ ಹೊಲಿಸಿದ ಸಫಾರಿ

ಮದುವೆಗೆ ಮೊದಲು ನಾನು ನನ್ನ ಗಂಡನಾಗುವವರ ಬಳಿ ಕೇಳಿಕೊಂಡದ್ದು ಒಂದೇ. ಕೇಳಿದ್ದು ಬಳ್ಳಾರಿಯಲ್ಲಿ, ನಮ್ಮ ಮನೆಯ ಮಾಳಿಗೆಯ ಮೇಲೆ. ಕೆಳಗೆ ಹಿರಿಯರು ಚಹಾ ಕುಡಿಯುತ್ತಿದ್ದರು. "ಮ್ಯಾಲೆ ಹೋಗಿ ಏನರ ಮಾತಾಡ್ಕೊಂಡು ಬರ್ರಿ" ಎಂದು ನಮ್ಮಿಬ್ಬರನ್ನು ಮೆಟ್ಟಿಲು ಹತ್ತಿಸಿದ್ದರು. ಒಣಗಲು ಹಾಕಿದ ಬಟ್ಟೆಗಳ ನಡುವೆ ನಿಂತು ಅವರು ಬೀದಿ ನೋಡಿದರು, ನಾನು ನೀರಿನ ಟ್ಯಾಂಕು ನೋಡಿದೆ.

"ನಿಮಗ ಏನರ ಕೇಳೋದೈತೇನ್ರಿ?" ಎಂದರು ಅವರು.

"ಮದುವಿ ಆದಮ್ಯಾಲೆ ಪ್ರಾಣಿ ನೋಡಾಕ ಹೋಗಬೇಕಂತ ಆಸೆ ಐತ್ರಿ."

"ಝೂಗೇನ್ರಿ?"

"ಅಲ್ರಿ. ಕಾಡಿಗೆ. ಅವು ಇರೋ ಕಡೀಗೆ."

ಅವರು ಸ್ವಲ್ಪ ಯೋಚಿಸಿದರು. "ಸಫಾರಿ ಅಂತಾರಲ್ಲ, ಅದು?"

"ಹೂಂ."

"ಹೋಗೂಣಂತ ಬಿಡ್ರಿ," ಎಂದರು. ಎಷ್ಟು ಸಲೀಸಾಗಿ ಹೇಳಿದರೆಂದರೆ, ನಾನು ಆ ಮನುಷ್ಯನನ್ನು ಒಪ್ಪಿದ್ದೇ ಆ ಕ್ಷಣದಲ್ಲಿ.

ಇಷ್ಟು ಕೇಳುವುದಕ್ಕೆ ನನಗೆ ವರ್ಷಗಳ ತಯಾರಿ ಬೇಕಾಗಿತ್ತು. ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದುವಾಗ, ಹಾಸ್ಟೆಲಿನ ಮಂಚದ ಮೇಲೆ ಕೂತು ಮೊಬೈಲಿನಲ್ಲಿ ಪ್ರಾಣಿಗಳ ವಿಡಿಯೊ ನೋಡುತ್ತಿದ್ದೆ. ಮೊದಮೊದಲು ಪ್ರಾಣಿಗಳಿಗಾಗಿ. ಆಮೇಲೆ ಇನ್ನೊಂದು ಬಗೆಯವು ಕಣ್ಣಿಗೆ ಬೀಳತೊಡಗಿದವು: ಹೊಸದಾಗಿ ಮದುವೆಯಾದವರು ಹನಿಮೂನಿಗೆಂದು ಪ್ರಾಣಿ ನೋಡಲು ದೇಶ ದೇಶ ತಿರುಗುವ ವಿಡಿಯೊಗಳು. ಕೀನ್ಯಾದ ಹುಲ್ಲುಗಾವಲಿನಲ್ಲಿ ತೆರೆದ ಜೀಪಿನಲ್ಲಿ ನಿಂತ ಜೋಡಿ. ಬೋರ್ನಿಯೊದ ನದಿಯಲ್ಲಿ ದೋಣಿ ನಿಲ್ಲಿಸಿ, ಮರದ ಮೇಲೆ ಸೊಪ್ಪಿನ ಹಾಸಿಗೆ ಮಾಡಿಕೊಳ್ಳುವ ಒರಾಂಗುಟಾನನ್ನು ತಲೆ ಎತ್ತಿ ನೋಡುವವರು. ಗ್ಯಾಲಪಗೋಸ್ ದ್ವೀಪದಲ್ಲಿ ಆಮೆ ದಾರಿ ದಾಟಲಿ ಎಂದು ಚಪ್ಪಲಿ ಕೈಯಲ್ಲಿ ಹಿಡಿದು ಕಾಯುವವರು. ಕೆನಡಾದ ಉತ್ತರದ ತುದಿಯಲ್ಲಿ ಎತ್ತರದ ಗಾಲಿಗಳ ಬಸ್ಸಿನೊಳಗೆ ಕೂತು, ಕಿಟಕಿಗೆ ಹಣೆ ಹಚ್ಚಿ ಬಿಳಿ ಕರಡಿಗಾಗಿ ಕಾಯುವ ಒಂದು ಜೋಡಿಯನ್ನು ನಾನು ಎಷ್ಟು ಸಲ ನೋಡಿದ್ದೇನೋ. ಕರಡಿ ಬರುವುದೇ ಇಲ್ಲ. ಹೆಂಡತಿ ಫ್ಲಾಸ್ಕಿನಿಂದ ಏನನ್ನೋ ಸುರಿದು ಕೊಡುತ್ತಾಳೆ, ಗಂಡ ಕುಡಿದು ಲೋಟ ವಾಪಸ್ಸು ಕೊಡುತ್ತಾನೆ. ಮತ್ತೆ ಇಬ್ಬರೂ ಕಿಟಕಿಯತ್ತ ತಿರುಗುತ್ತಾರೆ.

ನನಗೆ ಬೇಕಾಗಿದ್ದು ಅಂಥದ್ದು. ಎದುರೆದುರು ಕೂತು ಮಾತಾಡುವುದು ನನಗೆ ಯಾವತ್ತೂ ಕಷ್ಟ. ಕಾಡಿನಲ್ಲಾದರೆ ಮಾತಾಡಬಾರದು ಎಂಬುದೇ ನಿಯಮ. ಗೊತ್ತಿಲ್ಲದ ಒಬ್ಬ ಗಂಡಸಿನ ಪಕ್ಕದಲ್ಲಿ ಸುಮ್ಮನೆ ಕೂತು, ಇಬ್ಬರೂ ಒಂದೇ ಕಡೆ ನೋಡುತ್ತಾ ನೋಡುತ್ತಾ ಪರಿಚಯವಾಗುವುದು ಸಾಧ್ಯ ಎಂದು ಆ ವಿಡಿಯೊಗಳಿಂದ ನನಗೆ ಅನ್ನಿಸಿತ್ತು. ರಜೆಯಲ್ಲಿ ಮನೆಗೆ ಬಂದಾಗ ಅಮ್ಮ ಕೋಣೆಯೊಳಗೆ ಬಂದರೆ ಮೊಬೈಲನ್ನು ಮಗುಚಿ ಇಡುತ್ತಿದ್ದೆ. ಪರದೆಯ ಮೇಲೆ ಇರುತ್ತಿದ್ದದ್ದು ಆನೆ. ಆದರೂ ಮಗುಚಿ ಇಡುತ್ತಿದ್ದೆ.

ನನ್ನ ಗಂಡನ ಮನೆ ಸಿರುಗುಪ್ಪದಲ್ಲಿ. ಮಾವನವರದ್ದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ; ಅಪ್ಪ ಮಗ ಇಬ್ಬರೂ ಅಲ್ಲೇ ಇರುತ್ತಾರೆ. ನಾನು ಹೋದಾಗ ಭತ್ತದ ಕೊಯ್ಲಿನ ಕಾಲ. ಬೆಳಗಾಗುವ ಮೊದಲೇ ರೈತರು ಬಂದು ಬಾಗಿಲು ಬಡಿಯುತ್ತಿದ್ದರು. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು, ಇಷ್ಟೇ ಜನ. ಆದರೆ ಮನೆ ಹಳೆಯದು. ನಮಗೆ ಕೊಟ್ಟ ಕೋಣೆಗೂ ಮಾವ ಮಲಗುವ ಪಡಸಾಲೆಗೂ ನಡುವೆ ಇದ್ದ ಗೋಡೆ ಸೂರಿನ ತನಕ ಹೋಗಿರಲಿಲ್ಲ. ಗಾಳಿಯಾಡಲೆಂದು ಹಿಂದಿನವರು ಹಾಗೆ ಬಿಟ್ಟಿದ್ದರಂತೆ. ಮಾವ ಆ ಕಡೆ ಮಗ್ಗುಲು ಬದಲಿಸಿದರೆ ಮಂಚದ ಸದ್ದು ನಮಗೆ ಕೇಳುತ್ತಿತ್ತು. ಹಾಗಾದರೆ ನಮ್ಮದು ಅವರಿಗೆ ಕೇಳುತ್ತದೆ. ನನ್ನ ಬಳೆ ಸದ್ದಾದರೂ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಮದುವೆಯಾದ ಮೇಲೆ ನಾವಿಬ್ಬರೂ ಆ ಕೋಣೆಯಲ್ಲಿ ಒಂದು ಪೂರ್ತಿ ವಾಕ್ಯ ಆಡಿದ್ದು ನನಗೆ ನೆನಪಿಲ್ಲ.

ಹಗಲಲ್ಲಿ ಅವರು ಅಂಗಡಿಯಲ್ಲಿ, ನಾನು ಅತ್ತೆಯ ಜೊತೆ. ಮಾಳಿಗೆಯ ಮೇಲೆ ಅಂದ ಮಾತು ಅವರಿಗೆ ನೆನಪಿದೆಯೋ ಇಲ್ಲವೋ ಕೇಳುವುದಕ್ಕೆ ನನಗೆ ಜಾಗವಿರಲಿಲ್ಲ. ಹನಿಮೂನ್ ಎಂಬ ಶಬ್ದವನ್ನು ಆ ಮನೆಯಲ್ಲಿ ಯಾರೂ ಆಡುವುದಿಲ್ಲ. ಪಕ್ಕದ ಮನೆಯ ಹುಡುಗ ಮದುವೆಯಾಗಿ ಊಟಿಗೆ ಹೋಗಿದ್ದನ್ನು ಅತ್ತೆ "ಅವ್ರು ತಿರುಗಾಡಾಕ ಹೋಗ್ಯಾರ" ಎನ್ನುತ್ತಿದ್ದರು, ಅದೂ ದನಿ ತಗ್ಗಿಸಿ.

ನನ್ನ ಗಂಡನಿಗೆ ನೆನಪಿತ್ತು. ಒಂದು ಸಂಜೆ ಅಪ್ಪ ಮಗ ಊಟಕ್ಕೆ ಕೂತಿದ್ದಾಗ, ನಾನು ಅನ್ನ ಬಡಿಸಿ ಹಿಂದಕ್ಕೆ ಸರಿಯುವಷ್ಟರಲ್ಲಿ, ಅವರು ತಟ್ಟೆಯನ್ನೇ ನೋಡುತ್ತಾ ಹೇಳಿದರು:

"ಅಪ್ಪಾ, ಆಕಿಗೆ ಸಫಾರಿ ಅಂದ್ರ ಭಾಳ ಇಷ್ಟ ಅಂತ."

ಮಾವ ತುತ್ತು ನಿಲ್ಲಿಸಿದರು. "ಯಾರಿಗಿ?"

"ಆಕಿಗೆ. ಲಗ್ನಕ್ಕಿಂತ ಮೊದ್ಲ ಕೇಳಿದ್ಲು. ನಾ ಹೂಂ ಅಂದಿದ್ದೆ."

ಮಾವ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಆ ಮನೆಗೆ ಬಂದಾಗಿನಿಂದ ಅವರು ನನ್ನ ಮುಖವನ್ನು ಹಾಗೆ ನೇರವಾಗಿ ನೋಡಿರಲಿಲ್ಲ. ಅವರ ಮುಖ ಅರಳಿತ್ತು. "ಅಲಾ ಇವನ! ಮೊದ್ಲ ಹೇಳಬಾರ್ದೇನಲೇ? ಸೂಟು ಬ್ಯಾಡಂತ ಹಟ ಹಿಡದು ಬರೇ ಅಂಗೀಲೆ ಲಗ್ನ ಆದಿ. ಆಯ್ತು. ನಮ್ಮ ಟೈಲರ್ ಅದಾನ ಕೌಲ್ ಬಜಾರ್‌ನ್ಯಾಗ, ನನ್ನ ಲಗ್ನದ ಸಫಾರಿ ಹೊಲದಾವ ಅವನ. ನಾಳೀನ ಹೋಗೂಣು."

ಟೈಲರ್ ಎಂದ ಮೇಲೆಯೇ ನನಗೆ ಅರ್ಥವಾಯಿತು. ಮಾವನಂಥವರಿಗೆ ಸಫಾರಿ ಎಂದರೆ ಒಂದೇ: ಅರ್ಧ ತೋಳಿನ ಕೋಟು, ಅದೇ ಬಟ್ಟೆಯ ಪ್ಯಾಂಟು; ಹೆಡ್‌ಮಾಸ್ತರರು, ಊರ ಮುಖಂಡರು, ಸಾಹೇಬರು ತೊಡುತ್ತಿದ್ದದ್ದು. ನನ್ನ ಗಂಡನ ಕೈ ಅನ್ನದಲ್ಲಿ ಹಾಗೇ ನಿಂತಿತ್ತು. ಅವರಿಗೂ ಅರ್ಥವಾಗಿದೆ ಎಂದು ಕಿವಿ ಕೆಂಪಾದದ್ದರಿಂದ ತಿಳಿಯಿತು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಅನ್ನದ ಪಾತ್ರೆ ಹಿಡಿದುಕೊಂಡೇ ನಿಂತೆ.

"ಹೂಂ," ಎಂದರು ಅವರು.

ತಿದ್ದುವುದಕ್ಕೆ ಒಂದು ವಾಕ್ಯ ಸಾಕಿತ್ತು. ಆದರೆ ಆ ವಾಕ್ಯ ಹೀಗಿರಬೇಕಾಗುತ್ತಿತ್ತು: ಬಟ್ಟೆ ಅಲ್ಲ, ನಾವಿಬ್ಬರೇ ಎಲ್ಲಿಗಾದರೂ ಹೋಗಬೇಕು, ನಿಮ್ಮಿಂದ ದೂರ. ಅದನ್ನು ಅವರಪ್ಪನ ಮುಂದೆ ಅವರು ಹೇಳಲಾರರು. ಮಾವನ ಮುಂದೆ ನಾನು ಹೇಗೆ ಹೇಳಲಿ?

ಮರುದಿನ ಮಾವ ನಮ್ಮಿಬ್ಬರನ್ನೂ ಬಳ್ಳಾರಿಗೆ ಕರೆದುಕೊಂಡು ಹೋದರು. ಕೌಲ್ ಬಜಾರಿನ ಆ ಅಂಗಡಿ ನಮ್ಮ ತವರುಮನೆಯಿಂದ ದೂರವಿಲ್ಲ. ಅದರ ಮುಂದೆಯೇ ನಾನು ಕಾಲೇಜಿಗೆ ಹೋಗಿ ಬಂದವಳು. ಪರಿಚಯದವರು ಯಾರೂ ಈ ಕಡೆ ಬಾರದಿರಲಿ ಎಂದು ಒಳಗೆ ಗೋಡೆಗೆ ಒತ್ತಿಕೊಂಡು ನಿಂತೆ. ಟೈಲರ್ ವಯಸ್ಸಾದವರು, ಬಿಳಿ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ. ಮಾವನನ್ನು ನೋಡಿ ಹೊಲಿಗೆ ಯಂತ್ರ ಬಿಟ್ಟು ಎದ್ದರು.

"ಆವೋ ಸಾವ್ಕಾರ್ರ! ದಾರಿ ತಪ್ಪಿ ಬಂದ್ರೇನ್ರಿ?"

"ಸಫಾರಿ ಹೊಲಿಬೇಕು ಮಿಯಾ. ಮಗಗ."

"ಸಫಾರಿ!" ಟೈಲರ್ ಕನ್ನಡಕ ತೆಗೆದು ನನ್ನ ಗಂಡನನ್ನು ಮೇಲಿಂದ ಕೆಳಗೆ ನೋಡಿದರು. "ಈಗಿನ ಹುಡುಗ್ರು ಸಫಾರಿ ಕೇಳ್ತಾರೇನ್ರಿ? ಎಲೆಕ್ಷನ್ ಬಂದ್ರ ಯಾರರ ಒಬ್ರು ಲೀಡರ್ ಬರ್ತಾರ, ಅಷ್ಟ. ಏನಪಾ, ನೀನೂ ನಿಂದ್ರಾವೇನು ಎಲೆಕ್ಷನ್ನಿಗೆ?"

"ಅವಂದೇನೂ ಇಲ್ಲ, ಸೊಸಿ ಆಸೆ," ಎಂದರು ಮಾವ.

ಟೈಲರ್ ನನ್ನತ್ತ ತಿರುಗಿ ನಕ್ಕರು. ಬಟ್ಟೆಯ ತುಂಡುಗಳನ್ನು ಪಿನ್ನು ಹಾಕಿಟ್ಟ ಮಾದರಿಯ ಗೊಂಚಲನ್ನು ನನ್ನ ಮುಂದೆ ಹಿಡಿದರು. "ಹಂಗಾರ ಕಲರ್ ಬೇಟೀನ ಹೇಳ್ಬೇಕು. ಕ್ರೀಮ್ ಐತಿ, ಬಿಸ್ಕೀಟು ಐತಿ, ಇದು ನೋಡು ಆಕಾಶಿ. ಸಾವ್ಕಾರ್ರದು ಲಗ್ನದಾಗ ಆಕಾಶಿ ಇತ್ತು."

ಮೂವರು ಗಂಡಸರು ನನ್ನ ಬೆರಳನ್ನು ನೋಡುತ್ತಿದ್ದರು. ನನ್ನ ಬೆರಳು ತಾನಾಗಿಯೇ ಮಣ್ಣಿನ ಬಣ್ಣದ ಒಂದು ತುಂಡಿನ ಮೇಲೆ ಹೋಯಿತು. ಆಫ್ರಿಕಾದ ಆ ಜೋಡಿಗಳು ಹಾಕಿಕೊಳ್ಳುವ ಬಣ್ಣ ಅದು.

"ಶಾಬಾಶ್," ಎಂದರು ಟೈಲರ್. "ಮಾಸಿದ್ರೂ ಕಾಣಂಗಿಲ್ಲ. ಬೇಟೀಗೆ ಗೊತ್ತೈತಿ."

ಅಳತೆ ತೆಗೆಯುವಾಗ ಮಾವ ಪಕ್ಕದಲ್ಲೇ ನಿಂತು ಮಗನ ಕಾಲರನ್ನು ತಾವೇ ಸರಿಮಾಡಿದರು. ಭುಜಕ್ಕೆ ಟೇಪು ಹಿಡಿದಾಗ "ಇಲ್ಲಿ ಸ್ವಲ್ಪ ಸಡ್ಲ ಬಿಡ್ರಿ, ಮುಂದ ಮೈ ಕೈ ತುಂಬತಾನ" ಎಂದರು. ನನ್ನ ಗಂಡ ಸಣ್ಣ ಹುಡುಗನಂತೆ ಕೈ ಅಗಲಿಸಿ ನಿಂತಿದ್ದರು. ಕೊನೆಗೆ ಮಾವ ಗಂಟಲು ಸರಿಮಾಡಿಕೊಂಡು, "ಬಟ್ಟಿ ಉಳಿದ್ರ ನನಗೂ ಒಂದು ಹೊಲದು ಬಿಡ್ರಿ" ಎಂದರು. ಬಟ್ಟೆ ಉಳಿಯುವ ಪ್ರಶ್ನೆಯೇ ಇರಲಿಲ್ಲ. ಅಂಗಡಿಯ ಥಾನಿನಿಂದ ಬೇಕಾದಷ್ಟು ಕತ್ತರಿಸುವುದು ಟೈಲರ್ ಕೈಯಲ್ಲೇ ಇತ್ತು. ಅವರು ಮಾವನಿಗೂ ಅಳತೆ ತೆಗೆದರು.

ಅಲ್ಲಿಂದ ಮುಂದೆ ಈ ಸುದ್ದಿ ನನ್ನದಾಗಿ ಉಳಿಯಲಿಲ್ಲ. ಮದುವೆಯಾದ ಹೊಸದರಲ್ಲಿ ನೆಂಟರು ಜೋಡಿಯನ್ನು ಊಟಕ್ಕೆ ಕರೆಯುತ್ತಾರೆ. ದೇಶನೂರಿನಲ್ಲಿ ಅತ್ತೆಯ ತಂಗಿಯ ಮನೆಗೆ ಹೋದಾಗ ಅತ್ತೆ ಹೊಸ್ತಿಲು ದಾಟುವ ಮೊದಲೇ ಶುರುಮಾಡಿದರು: "ನಮ್ಮ ಸೊಸಿಗೆ ಗಂಡ ಸಫಾರಿ ಹಾಕ್ಕೋಬೇಕಂತ. ಬಳ್ಳಾರಿಗಿ ಹೋಗಿ ತಾನ ಕಲರ್ ಆರಿಸಿ ಬಂದಾಳ."

ಒಳಮನೆಯಲ್ಲಿ ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಬಡಿಯುವುದು ನಿಂತಿತು.

"ಅಯ್ಯ ನಮ್ಮವ್ವ, ಎಮ್ಮೆಸ್ಸಿ ಓದ್ಯಾಳಲ್ಲ, ಗಂಡ ಹೆಡ್‌ಮಾಸ್ತರ್ ಹಂಗ ಕಾಣಬ್ಯಾಡೇನು?" ಎಂದಳು ಒಬ್ಬಳು.

"ಕೈಯಾಗ ಒಂದು ಬೆತ್ತಾ ಕೊಡವಾ ಹಂಗಾರ!"

"ಬೆತ್ತ ಯಾಕ, ಈಕಿ ಹೇಳಿದಂಗ ಕೇಳ್ತಾನ ಅವ. ಸಫಾರಿ ಹಾಕ್ಕೋ ಅಂದ್ರ ಹಾಕ್ಕೋತಾನ, ಕಿಸೇಕ್ಕ ಪೆನ್ ಇಟ್ಗೋ ಅಂದ್ರ ಇಟ್ಗೋತಾನ."

ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿದೆ. ಅತ್ತೆಯ ತಂಗಿ ನನ್ನ ಗಲ್ಲ ಹಿಡಿದು ಎತ್ತಿ, "ನಾಚಿಕಿ ನೋಡ್ರಿ ಎಷ್ಟೈತಿ ಹುಡುಗಿಗೆ" ಎಂದು ಮೆಚ್ಚಿದರು. ನಮ್ಮ ಮಾತಿನಲ್ಲಿ ಸಂಕೋಚಕ್ಕೂ ಅವಮಾನಕ್ಕೂ ಅದೇ ಶಬ್ದ. ಹೊಸ ಸೊಸೆಯ ನಾಚಿಕೆ ಎಲ್ಲರಿಗೂ ಚಂದ. ನನ್ನದು ಅದಲ್ಲ. ನನಗೆ ನನ್ನ ಆಸೆಯ ಬಗ್ಗೆಯೇ ನಾಚಿಕೆಯಾಗಿತ್ತು. ಅದರ ಜಾಗದಲ್ಲಿ ಕೂತಿದ್ದ ಈ ತಪ್ಪು ಆಸೆಯನ್ನು ನನ್ನದೆಂದು ಹೊತ್ತು ತಿರುಗಬೇಕಾಗಿತ್ತು. ಅದನ್ನು ಇಳಿಸಿದರೆ ಕೆಳಗಿರುವ ನಿಜದ ಆಸೆ ಕಾಣುತ್ತಿತ್ತು. ನನ್ನ ಗಂಡನ ಮೇಲೆ ಸಿಟ್ಟು ಬಂದಿತ್ತು. ಹಿಂದಿರುಗುವಾಗ ಅವರು ಕಾರಿನ ಕನ್ನಡಿಯಲ್ಲಿ ನನ್ನನ್ನು ಹುಡುಕಿದರು. ನಾನು ಕಿಟಕಿಯ ಆಚೆ, ಕಾಲುವೆ ದಂಡೆಯ ಕೊಕ್ಕರೆಗಳನ್ನು ನೋಡಿಕೊಂಡು ಕೂತೆ.

ಹೊಸ ಜೋಡಿಯನ್ನು ಕುರುಗೋಡಿನ ದೊಡ್ಡ ಬಸವಣ್ಣನಿಗೆ ಕರೆದುಕೊಂಡು ಹೋಗುವುದು ಆ ಮನೆಯ ಪದ್ಧತಿ. ಬಟ್ಟೆ ಹೊಲಿದು ಬಂದ ಮೇಲೆ ಹೋಗೋಣ ಎಂದು ಮಾವ ಕಾದಿದ್ದರು. ಆ ದಿನ ಅಪ್ಪ ಮಗ ಇಬ್ಬರೂ ಮಣ್ಣಿನ ಬಣ್ಣದ ಸಫಾರಿ ತೊಟ್ಟು ಹೊರಗೆ ಬಂದರು. ಮಾವ ಅಂದು ನನಗಿಂತ ಚಿಕ್ಕವರಂತೆ ಕಂಡರು. ಕೂದಲಿಗೆ ಎಣ್ಣೆ, ಜೇಬಿಗೆ ಹೊಸ ಕರವಸ್ತ್ರ. ನನ್ನ ಗಂಡ ಕಾರು ನಡೆಸಿದರು. ಪಕ್ಕದಲ್ಲಿ ಮಾವ, ಹಿಂದೆ ನಾನು, ಅತ್ತೆ. ಮುಂದಿನ ಸೀಟುಗಳಲ್ಲಿ ಒಂದೇ ಬಟ್ಟೆಯ ಎರಡು ಜೊತೆ ಭುಜಗಳು.

ಆ ಏಕಶಿಲೆಯ ಬಸವಣ್ಣನಿಗೆ ಕಾಯಿ ಒಡೆಸಿ, ಹಣ್ಣು ಹಂಚಿ, ಹೊರಗೆ ಬಂದು ಒಂದು ಚಹಾದಂಗಡಿಯಲ್ಲಿ ಕೂತೆವು. ಎದುರಿಗೆ ಕುರುಗೋಡಿನ ಬಂಡೆಗುಡ್ಡಗಳು. ಅಂಗಡಿಯವನು ಸಫಾರಿಗಳನ್ನು ನೋಡಿದ್ದೇ ಬೆಂಚು ಒರೆಸಿದ.

"ನಮಸ್ಕಾರ್ರೀ ಸಾಹೇಬ್ರ. ಫಾರೆಸ್ಟಿನೋರೇನ್ರಿ?"

ಮಾವ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕೋಟಿನ ಅಂಚು ಎಳೆದು ನೇರ ಮಾಡಿಕೊಂಡರು.

"ಚಲೋ ಆತು ಬಂದ್ರಿ. ನಿಮ್ಮ ಕರಡಿಗೋಳಿಗೆ ಸ್ವಲ್ಪ ಬುದ್ಧಿ ಹೇಳ್ರಿ. ಗುಡ್ಡ ಇಳದು ನಮ್ಮ ಶೇಂಗಾದ ಹೊಲಕ್ಕ ಬರ್ತಾವ."

"ಹೇಳೂಣು, ಹೇಳೂಣು," ಎಂದರು ಮಾವ ಗತ್ತಿನಿಂದ.

ಅತ್ತೆಗೆ ತಡೆಯಲಾಗಲಿಲ್ಲ. "ಏ, ಫಾರೆಸ್ಟೂ ಅಲ್ಲ ಏನೂ ಅಲ್ಲಪಾ. ಸಿರುಗುಪ್ಪದಾಗ ಟ್ರ್ಯಾಕ್ಟರ್ ಸಾಮಾನು ಮಾರ್ತಾರ."

"ಮತ್ತ ಅಪ್ಪ ಮಗ ಇಬ್ರೂ ಸಫಾರಿ ಹಾಕ್ಯಾರಲ್ರಿ?"

"ನಮ್ಮ ಸೊಸಿಗೆ ಸಫಾರಿ ಅಂದ್ರ ಇಷ್ಟಪಾ," ಎಂದರು ಮಾವ. ಆ ದಿನಗಳಲ್ಲಿ ಅವರು ಈ ಮಾತನ್ನು ಕಂಡವರಿಗೆಲ್ಲ ಹೇಳುತ್ತಿದ್ದರು.

ಅಂಗಡಿಯವನು ನನ್ನನ್ನು ನೋಡಿದ, ನನ್ನ ಗಂಡನನ್ನು ನೋಡಿದ. ಕೈಯಲ್ಲಿದ್ದ ಸೌಟು ಅಲ್ಲೇ ಬಿಟ್ಟು ಜೋರಾಗಿ ನಕ್ಕ. "ಅಯ್ಯ ಯಜಮಾನ್ರ! ಅಕ್ಕಾರು ಕೇಳಿದ್ದು ಈ ಸಫಾರಿ ಇರ್ಲಿಕ್ಕಿಲ್ರಿ. ಪ್ರಾಣಿ ನೋಡಾಕ ಹೋಗೋದಕ್ಕ ಸಫಾರಿ ಅಂತಾರ ಈಗ. ಇಲ್ಲೇ ಮುಂದ ದರೋಜಿ ಕಡೆ ಕರಡಿಧಾಮ ಐತಲ್ಲ, ಹಂಪಿಗೆ ಬಂದೋರು ಅಲ್ಲೀಗ್ ಹೋಗ್ತಾರ. ಹೊಸದಾಗಿ ಲಗ್ನ ಆದೋರು ಭಾಳ ಬರ್ತಾರ, ಹನಿಮೂನು ಅಂತ. ಇಬ್ರ ಇಬ್ರ. ಅತ್ತಿ ಮಾವನ್ನ ಕಟ್ಗೊಂಡು ಯಾರೂ ಬರಂಗಿಲ್ಲ ಬಿಡ್ರಿ!"

ಯಾರೂ ನಗಲಿಲ್ಲ. ಅವನಿಗೂ ಏನೋ ತಪ್ಪಿತೆನಿಸಿ ಮತ್ತೆ ಸೌಟು ತೆಗೆದುಕೊಂಡ.

ಮಾವ ಮೊದಲು ಮಗನ ಕಡೆ ನೋಡಿದರು. "ಹೌದೇನಲೇ?"

ನನ್ನ ಗಂಡ ನೆಲ ನೋಡಿದರು. "ಹೂಂನಪಾ."

ಆಮೇಲೆ ಮಾವ ನನ್ನ ಕಡೆ ತಿರುಗಿದರು. ನಾನು ಚಹಾದ ಲೋಟದಿಂದ ಕಣ್ಣೆತ್ತಲಿಲ್ಲ, ಆದರೂ ಅವರ ಮುಖ ನನಗೆ ಕಂಡಿತು. ಅವರು ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದರು: ದೇಶನೂರು, ಟೈಲರ್ ಅಂಗಡಿ, ಆ ಊಟ. ಪ್ರತಿಯೊಂದು ಜಾಗದಲ್ಲೂ ತಾವು ಏನು ಹೇಳಿದ್ದರು, ನಾವು ಹೇಗೆ ನಿಂತಿದ್ದೆವು ಎಂಬುದನ್ನು ಈಗ ನೋಡುತ್ತಿದ್ದರು. ಇಷ್ಟು ದಿನ ನನ್ನದಾಗಿದ್ದ ನಾಚಿಕೆ ನನ್ನ ಕಣ್ಣೆದುರೇ ಅವರದಾಯಿತು. ನನ್ನದೂ ಕಡಿಮೆಯಾಗಲಿಲ್ಲ. ಅರ್ಧ ಕುಡಿದ ಲೋಟವನ್ನು ಅವರು ಬೆಂಚಿನ ಮೇಲೆ ಇಟ್ಟರು.

ಅತ್ತೆ ಮಗನ ಮೇಲೆ ಹರಿಹಾಯ್ದರು. "ಬಾಯಿಲ್ಲೇನಲೇ ನಿನಗ? ಊರೆಲ್ಲ ಹೇಳ್ಕೊಂತ ತಿರುಗೀನಿ ನಾನು! ದೇಶನೂರಾಗ ಎಲ್ರ ಮುಂದ!" ಆಮೇಲೆ ನನ್ನತ್ತ ತಿರುಗಿ, ದನಿ ತಗ್ಗಿಸಿ, "ನೀನರ ಹೇಳಬಾರ್ದೇನವಾ ನನ್ನ ಮುಂದ" ಎಂದರು. ಅದರಲ್ಲಿ ಸಿಟ್ಟಿಗಿಂತ ನೋವಿತ್ತು.

"ಏ, ಸಾಕು ನಡಿ," ಎಂದರು ಮಾವ. ಎದ್ದು ನಿಂತಿದ್ದರು. "ನನಗ ಅಂಗಡ್ಯಾಗ ಕೆಲಸ ಐತಿ. ಬಸ್ಸಿಗೆ ಹೋಗೂಣು. ಕಾರು ಅವ್ರಿಗಿರ್ಲಿ." ಮಗನಿಗೆ, ಮುಖ ನೋಡದೆ, "ಅದೇನೋ ಕರಡಿ ಅಂದನಲ್ಲ. ತೋರ್ಸು ಆಕಿಗೆ" ಎಂದರು. ಬಸ್ ನಿಲ್ದಾಣದ ಕಡೆ ಹೊರಟೇಬಿಟ್ಟರು. ಅತ್ತೆ ಹಿಂದೆ ಓಡಿದರು. ಮಾವ ಎಂದು ಕರೆಯಬೇಕೆಂದು ನಾನು ಬಾಯಿ ತೆರೆದೆ. ಅವರನ್ನು ನೇರವಾಗಿ ಯಾವತ್ತೂ ಕರೆದವಳಲ್ಲ; ಬಾಯಿ ಮುಚ್ಚಿಕೊಂಡೆ. ಹಿಂದಿನಿಂದ ನೋಡಿದರೆ ಆ ಕೋಟು ಅವರಿಗೆ ಭುಜದಲ್ಲಿ ಸಡಿಲವಾಗಿತ್ತು.

ನಾವು ಕರಡಿಧಾಮಕ್ಕೆ ಹೋದೆವು. ಹೋಗದಿದ್ದರೆ ಇನ್ನೂ ಕೆಟ್ಟದಾಗಿ ಕಾಣುತ್ತಿತ್ತೇನೋ. ವೀಕ್ಷಣಾ ಗೋಪುರದಲ್ಲಿ ಅಂದು ಹೆಚ್ಚು ಜನರಿರಲಿಲ್ಲ. ಅಲ್ಲಿನ ಸಿಬ್ಬಂದಿ ತುಟಿಗೆ ಬೆರಳಿಟ್ಟು ಮಾತಾಡಬೇಡಿ ಎಂದು ಸೂಚಿಸಿದರು. ಎದುರಿನ ಬಂಡೆಗಳಿಗೆ ಬೆಲ್ಲ ಸವರಿದ್ದರು. ಬಿಸಿಲು ಇಳಿಯುತ್ತಿದ್ದಂತೆ ಪೊದೆಯ ಮರೆಯಿಂದ ಒಂದು ತಾಯಿ ಕರಡಿ ಬಂತು. ಬೆನ್ನ ಮೇಲೆ ಮರಿ, ಕೂದಲನ್ನು ಬಿಗಿಯಾಗಿ ಹಿಡಿದು ಮುಖ ಹುದುಗಿಸಿಕೊಂಡಿತ್ತು. ತಾಯಿ ಬಂಡೆ ಹತ್ತುವಾಗ ಅದು ಜಾರಿ, ಮತ್ತೆ ಹತ್ತಿ ಕೂತಿತು. ಈ ಜಾತಿಯ ಕರಡಿ ಮರಿಯನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ ಎಂದು ನಾನು ಪರೀಕ್ಷೆಯಲ್ಲಿ ಬರೆದಿದ್ದೆ. ಕಣ್ಣಾರೆ ನೋಡುತ್ತಿದ್ದೆ, ಪಕ್ಕದಲ್ಲಿ ಗಂಡ ಇದ್ದರು, ಮಾತಾಡುವ ಅಗತ್ಯವಿರಲಿಲ್ಲ. ನಾನು ಕೇಳಿಕೊಂಡದ್ದೆಲ್ಲ ಅಲ್ಲಿತ್ತು. ಆದರೆ ನನ್ನ ತಲೆಯಲ್ಲಿ ಇದ್ದದ್ದು ಸಿರುಗುಪ್ಪದ ಬಸ್ಸು. ಮಾವನಿಗೆ ಸೀಟು ಸಿಕ್ಕಿತೋ ಇಲ್ಲವೋ, ಕಂಡಕ್ಟರ್ ಆ ಕೋಟು ನೋಡಿ ಸಾಹೇಬರೆಂದನೋ ಏನೋ.

ಮಾತು ಶುರುವಾದದ್ದು ಕಾರಿಗೆ ಬಂದ ಮೇಲೆ. ನನ್ನ ಗಂಡ ಕೀಲಿ ಹಾಕಿದರು, ಆದರೆ ಚಾಲು ಮಾಡಲಿಲ್ಲ.

"ಅವತ್ತ ಊಟಕ್ಕ ಕುಂತಾಗ ಹೇಳ್ಬೋದಿತ್ತಲ್ರಿ," ಎಂದೆ.

"ಹೇಳ್ಬೋದಿತ್ತು. ಮೈಸೂರು ಕಡೆ ಕಾಡಾಗ ರೂಮೂ ನೋಡಿಟ್ಟಿದ್ದೆ."

"ಮತ್ತ?"

ಅವರು ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತರು. ತೋಳಿನ ಕೆಳಗೆ ಬೆವರಿನ ಕಲೆ. "ಅಪ್ಪ ನನ್ನ ಕೂಡ ಬೇರಿಂಗು, ಬೆಲ್ಟು ಬಿಟ್ಟು ಬ್ಯಾರೆ ಮಾತಾಡಿದ್ದು ಅವತ್ತ ಮೊದ್ಲು. ಅಲ್ಲಿ ಕೌಲ್ ಬಜಾರ್‌ನ್ಯಾಗ ನನ್ನ ಕಾಲರ್ ಹಿಡದ್ನಲ್ಲ, ಹಂಗ ಯಾವತ್ತೂ ಹಿಡದಿಲ್ಲ. ಹೆಂಗ ಹೇಳ್ಲಿ?"

ಆದರೂ ನನಗೆ ಬಿಡಲು ಮನಸ್ಸಾಗಲಿಲ್ಲ. "ನನ್ನ ಮುಂದರ ಹೇಳ್ಬೇಕಿತ್ತು. ನಾ ಏನ್ ತಿಳ್ಕೋಬೇಕು? ಮರ್ತೇಬಿಟ್ರಿ ಅಂದ್ಕೊಂಡಿದ್ದೆ."

"ಎಲ್ಲಿ ಹೇಳ್ಲಿ? ಆ ಗ್ವಾಡಿ ಬಾಜೂಕ ಮಲ್ಕೊಂಡೇನು? ಈ ಕಡೆ ನಾ ಅಂದ್ರ ಆ ಕಡೆ ಅಪ್ಪ ಹೂಂ ಅಂತಾನ!"

ನನಗೆ ನಗು ಬಂತು. ಅವರಿಗೂ. ನಕ್ಕ ತಕ್ಷಣ ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದೆವು. ಸುತ್ತಲೂ ಕುರುಚಲು ಕಾಡು, ಬಂಡೆ. ಕೇಳುವವರು ಯಾರೂ ಇರಲಿಲ್ಲ. ಅವರು ನನ್ನ ಕೈಯನ್ನು ಬಾಯಿಂದ ಇಳಿಸಿದರು. ಸಿರುಗುಪ್ಪ ಮುಟ್ಟುವ ತನಕ ನಾವು ಮಾತಾಡಿದೆವು. ಏನು ಮಾತಾಡಿದೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಆ ದಿನದಿಂದ ಮಾವ ತಮ್ಮ ಮಂಚವನ್ನು ಪಡಸಾಲೆಯಿಂದ ತೆಗೆದು ಹೊರಗೆ ಬೀದಿ ಕಡೆಯ ಕಟ್ಟೆಯ ಮೇಲೆ ಹಾಕಿಕೊಂಡಿದ್ದಾರೆ. ಅತ್ತೆ ಅಡುಗೆಮನೆಗೆ ಹಾಸಿಗೆ ಒಯ್ದರು. ಸಫಾರಿಯ ಮಾತು ಆ ಮನೆಯಲ್ಲಿ ಮತ್ತೆ ಬಂದಿಲ್ಲ.

ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಲು ನಾನು ಬಾಗಿಲು ತೆಗೆದರೆ ಮಾವ ಸ್ವೆಟರ್ ಮೇಲೆ ಕಂಬಳಿ ಹೊದ್ದು ಕೂತಿರುತ್ತಾರೆ. ಸಂಕ್ರಾಂತಿಯ ಆಸುಪಾಸಿನ ಚಳಿ. ಹಾಲು ತರಲು ಹೊರಟ ಎದುರು ಮನೆಯಾಕೆ ಒಂದು ದಿನ ನಿಂತು ಕೇಳಿದಳು:

"ಯಾಕ್ರೀ ಅಣ್ಣಾರ, ಒಳಗ ಜಾಗಿಲ್ಲೇನ್ರಿ?"

"ಒಳಗ ಭಾಳ ಶೆಕಿ ನೋಡವಾ," ಎಂದರು ಮಾವ.

ಆಕೆ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಳು. ಅವರನ್ನು ನೋಡಿ, ನಾನು ಹಿಡಿದಿದ್ದ ರಂಗೋಲಿ ಬಟ್ಟಲನ್ನು ನೋಡಿ, ನನ್ನ ಮುಖ ನೋಡಿ, ನಗು ನುಂಗಿಕೊಂಡು ಹೋದಳು. ಆ ಓಣಿಯಲ್ಲಿ ಯಾರಿಗೆ ಗೊತ್ತಾಗಿಲ್ಲ? ನಮಗಾಗಿ ಅವರು ಹೊರಗೆ ಮಲಗುತ್ತಾರೆ ಎಂಬುದನ್ನು ಪ್ರತಿದಿನ ಬೆಳಿಗ್ಗೆ ಇಡೀ ಓಣಿ ನೋಡುತ್ತದೆ. ಮುಚ್ಚಿಟ್ಟುಕೊಳ್ಳಬೇಕೆಂದು ನಾನು ಅಷ್ಟು ಒದ್ದಾಡಿದ ವಿಷಯವನ್ನು ಅವರು ಕಟ್ಟೆಯ ಮೇಲೆ ಹಾಸಿಕೊಂಡು ಮಲಗಿದ್ದಾರೆ, ಅದೂ ನನ್ನ ಮೇಲಿನ ಮಮತೆಯಿಂದ.

ಆಕೆ ಹೋದ ಮೇಲೆ ನಾನು ಧೈರ್ಯ ಮಾಡಿದೆ. ಅವರೊಂದಿಗೆ ನಾನು ನೇರವಾಗಿ ಆಡಿದ ಮೊದಲ ಮಾತು ಅದು.

"ಮಾವಾ, ಚಳಿ ಭಾಳ ಐತ್ರಿ. ಒಳಗ ಮಲ್ಕೊಳ್ರಿ."

ಅವರು ಕಂಬಳಿ ಮಡಚುವುದನ್ನು ನಿಲ್ಲಿಸಲಿಲ್ಲ. "ಇಲ್ಲವಾ. ಇಲ್ಲಿ ಗಾಳಿ ಚಲೋ ಐತಿ."

ಇನ್ನೊಂದು ಸಲ ಒತ್ತಾಯ ಮಾಡಿದ್ದರೆ ಅವರು ಒಳಗೆ ಬರುತ್ತಿದ್ದರು ಎಂದು ನನಗೆ ಗೊತ್ತಿತ್ತು. ಮೊದಲ ಸಲದ ಉಪಚಾರದ ಮಾತಿಗೆ ಇಲ್ಲವೆನ್ನುವುದು, ಎರಡನೆಯದಕ್ಕೆ ಒಪ್ಪುವುದು ನಮ್ಮ ಕಡೆಯ ರೂಢಿ. ಒಂದು ತುತ್ತು ಹೆಚ್ಚಿಗೆ ಬಡಿಸುವುದಕ್ಕೂ ಅದೇ ರೀತಿ. ಅವರೂ ಮಡಚಿದ ಕಂಬಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದು ಗಳಿಗೆ ಹಾಗೇ ಕೂತಿದ್ದರು.

ನಾನು ರಂಗೋಲಿ ಹಾಕಿ ಮುಗಿಸಿ ಒಳಗೆ ಹೋದೆ. ಎರಡನೇ ಸಲ ಕೇಳಲಿಲ್ಲ.